ಕುಸುಬಿ ಎಣ್ಣೆ ಕುಡಿದ ಬಂದೂಕು

ನಮ್ಮ ಮನೆಯಲ್ಲಿ ಬಂದೂಕು ಇತ್ತು ಎಂದರೆ ನನ್ನ ಮೊಮ್ಮಕ್ಕಳು ನಗುತ್ತಾರೆ. ನಗಲಿ. ಉಳ್ಳಾಗಡ್ಡಿ, ಅಂದರೆ ಈರುಳ್ಳಿ ಕೂಡ ಹಿತ್ತಲ ಬಾಗಿಲಿನಿಂದ ಕದ್ದುಮುಚ್ಚಿ ಬರಬೇಕಾದ ಮನೆ ಅದು. ಜಿರಳೆ ಕಂಡರೆ ಅತ್ತೆಯವರು ಕಸಬರಿಗೆಯ ತುದಿಯಿಂದ ಅದಕ್ಕೆ ದಾರಿ ತೋರಿಸಿ ಬೀಳ್ಕೊಡುತ್ತಿದ್ದರು. ಅಂಥ ಮನೆಯ ಪಡಸಾಲೆಯ ಗೋಡೆಗೆ ಎರಡು ಗೂಟ, ಗೂಟಗಳ ಮೇಲೆ ಅಡ್ಡಲಾಗಿ ಒಂದು ಬಂದೂಕು, ಅದರ ಕೆಳಗೆ ಪಂಚಾಂಗ. ಮದುವೆಯಾಗಿ ಧಾರವಾಡಕ್ಕೆ ಬಂದ ದಿನ ಹೊಸ್ತಿಲು ದಾಟಿ ತಲೆ ಎತ್ತಿದಾಗ ಮೊದಲು ಕಂಡದ್ದೇ ಅದು. ಎರಡನೆಯದಾಗಿ ಕಂಡವರು ಅತ್ತೆಯವರು. ಯಾವುದಕ್ಕೆ ಹೆಚ್ಚು ಹೆದರಬೇಕು ಎಂದು ತಿಳಿಯದೆ ಇಬ್ಬರಿಗೂ ನಮಸ್ಕಾರ ಮಾಡಿದೆ.

ಬಂದೂಕು ಮಾವನವರದು. ಅವರು ಕಲೆಕ್ಟರ ಕಚೇರಿಯಲ್ಲಿ ಮೂವತ್ತು ವರ್ಷ ದುಡಿದು, ಶಿರಸ್ತೇದಾರರಾಗಿ ನಿವೃತ್ತರಾದವರು. ಉಪ್ಪಿನಬೆಟಗೇರಿಯ ಹತ್ತಿರ ನಮ್ಮದೊಂದು ಹೊಲವಿತ್ತು. ಅಲ್ಲಿ ಕಾಡುಹಂದಿಗಳ ಕಾಟ ಎಂಬ ಕಾರಣ ತೋರಿಸಿ ಲೈಸೆನ್ಸ್ ತೆಗೆದಿದ್ದರು. ಆದರೆ ಬಂದೂಕು ಧಾರವಾಡದ ಗೂಟ ಬಿಟ್ಟು ಒಂದು ದಿನವೂ ಹೊಲಕ್ಕೆ ಹೋಗಲಿಲ್ಲ. ನಮ್ಮ ಮನೆಯಲ್ಲಿ ಬಂದೂಕಿದೆ ಎಂಬ ಸಂಗತಿ ಆ ಹಂದಿಗಳಿಗೆ ಕೊನೆಯವರೆಗೂ ಗೊತ್ತಾಗಿರಲಿಕ್ಕಿಲ್ಲ.

ಅದು ಬಂದೂಕಿದ್ದವರ ಮನೆಯಲ್ಲೆಲ್ಲ ಇರುವಂಥ, ನಡುವೆ ಮಡಚಿ ತೆರೆಯುವ ಬಂದೂಕಲ್ಲ. ಹಿಂದಿನ ಮಹಾಯುದ್ಧದಲ್ಲಿ ಯಾವನೋ ಜರ್ಮನ್ ಸಿಪಾಯಿಯ ಹೆಗಲ ಮೇಲಿದ್ದ ರೈಫಲ್ಲು. ಯುದ್ಧ ಮುಗಿದ ಮೇಲೆ ಅದರ ಸಣ್ಣ ನಳಿಗೆ ಕಿತ್ತು, ದೊಡ್ಡ ನಳಿಗೆ ಕೂರಿಸಿ, ಛರ್ರಾ, ಅಂದರೆ ಸೀಸದ ಸಣ್ಣ ಗುಂಡು ತುಂಬಿದ ಕಾಡತೂಸು ಹಾರಿಸುವ ಹಾಗೆ ಮಾಡಿ ಮಾರಾಟಕ್ಕೆ ಬಿಟ್ಟಿದ್ದರು. ಮುಂಬಯಿಯಿಂದ ತರಿಸಿದ್ದು. ಹಿತ್ತಲ ಬಾಗಿಲಿಗೆ ಇರುತ್ತದಲ್ಲ, ಅಂಥ ಉಕ್ಕಿನ ಚಿಲಕ ಅದಕ್ಕೆ. ಚಿಲಕದ ಹಿಡಿಕೆಯನ್ನು ಮೇಲೆತ್ತಿ ಹಿಂದಕ್ಕೆಳೆದರೆ ಬಂದೂಕಿನ ಬಾಯಿ ತೆರೆಯುತ್ತದೆ, ಮುಂದೆ ತಳ್ಳಿ ಕೆಳಗೆ ಮಲಗಿಸಿದರೆ ಮುಚ್ಚುತ್ತದೆ. ಮನೆಯಲ್ಲಿ ಅದಕ್ಕೆ ಚಿಲಕದ ಬಂದೂಕು ಎಂದೇ ಹೆಸರು.

ಮಾವನವರು ಅದನ್ನು ಹಾರಿಸಿದ್ದನ್ನು ನಾನು ನೋಡಿಲ್ಲ. ಕೇಳಿದರೆ ಅವರಿಗೆ ಸಿಟ್ಟು ಬರುತ್ತಿತ್ತು.

“ಹಾರಸೂದು ಯಾವ ಹುಂಬನೂ ಹಾರಸ್ತಾನ. ಜ್ವಾಕಿ ಮಾಡೂದದ ನೋಡು, ಅದು ವಿದ್ಯಾ,” ಎನ್ನುತ್ತಿದ್ದರು.

ಆ ಜೋಪಾನದ ವಿದ್ಯೆಯ ಪಾಠ ಪ್ರತಿ ರವಿವಾರ ನಡೆಯುತ್ತಿತ್ತು. ಪಡಸಾಲೆಯಲ್ಲಿ ಚಾಪೆ ಹಾಸಿ, ಮೂರು ಅರಿವೆ ಸಾಲಾಗಿ ಇಡಬೇಕು. ಮೊದಲನೆಯದು ಗೋಣಿಯ ತುಂಡು, ಎರಡನೆಯದು ಮಾವನವರ ಹಳೆಯ ಧೋತರದ್ದು, ಮೂರನೆಯದು ಅತ್ತೆಯವರ ಸವೆದ ಸೀರೆಯ ಸೆರಗು. ಮಗ್ಗುಲಲ್ಲಿ ಬಂದೂಕಿನ ಎಣ್ಣೆಯ ಸಣ್ಣ ಬಾಟಲಿ. ಚಿಲಕವನ್ನು ಪೂರಾ ಹೊರಗೆಳೆದು, ಮೂರೂ ಅರಿವೆಗಳಿಂದ ಕ್ರಮವಾಗಿ ಒರೆಸಿ, ಎರಡು ಹನಿ ಎಣ್ಣೆ ಸವರಿ, ನಳಿಗೆಯೊಳಗೆ ಗಜದ ಉದ್ದ ಸರಳು ಆಡಿಸಿ, ಮತ್ತೆ ಜೋಡಿಸಬೇಕು. ಎರಡನೇ ಅರಿವೆ ಕೇಳಿದಾಗ ಮೂರನೆಯದು ಕೊಟ್ಟರೆ, ಮಂತ್ರ ತಪ್ಪಿದ ಪುರೋಹಿತರನ್ನು ನೋಡಿದಂತೆ ನನ್ನನ್ನು ನೋಡುತ್ತಿದ್ದರು.

ಈ ಕೆಲಸಕ್ಕೆ ನಾನು ಸಿಕ್ಕಿದ್ದು ಅವರ ಕಣ್ಣಿಗೆ ಪೊರೆ ಬಂದದ್ದರಿಂದ. ನಳಿಗೆಯೊಳಗೆ ಇಣುಕಿದರೆ ಅವರಿಗೆ ಮಂಜು ಮಂಜು. ಮಗನನ್ನು, ಅಂದರೆ ನನ್ನ ಯಜಮಾನರನ್ನು, ಕೇಳುವ ಹಾಗಿರಲಿಲ್ಲ. ಅವರು ಹೈಸ್ಕೂಲಿನಲ್ಲಿ ಗಣಿತದ ಮಾಸ್ತರು. ನಳಿಗೆ ಕೊಟ್ಟರೆ ಅದರ ಘನಫಲ ಲೆಕ್ಕ ಹಾಕುತ್ತ ಕೂಡುತ್ತಿದ್ದರು. ಹಾಗಾಗಿ ಒಂದು ರವಿವಾರ ನನ್ನನ್ನು ಕರೆದು ನಳಿಗೆಯ ಹಿಂದಿನ ತುದಿಗೆ ಕಣ್ಣು ಹಚ್ಚಿಸಿದರು.

“ಏನ ಕಾಣಸ್ತದ ಹೇಳು.”

“ಆ ತುದ್ಯಾಗ ಅತ್ತಿಯವ್ರು ಕಾಣಸ್ತಾರ್ರಿ. ಅಕ್ಕಿ ಆರಸ್ಲಿಕ್ಕತ್ತಾರ.”

ಆ ತುದಿಯಿಂದ ಅಕ್ಕಿಯ ಮೊರ ನೆಲಕ್ಕೆ ಬಿದ್ದ ಸಪ್ಪಳ ಕೇಳಿತು. ಸೊಸೆ ಬಂದು ಮೂರು ತಿಂಗಳಾಗಿಲ್ಲ, ಬಂದೂಕಿನ ಗುರಿ ಹಿಡಿದಿದ್ದಾಳೆ ಎಂದು ಅತ್ತೆಯವರು ಮೂರು ದಿನ ಓಣಿಗೆಲ್ಲ ಹೇಳಿದರು. ಚರ್ಮದ ಪಟ್ಟಿ ಇರುವ ವಸ್ತು ಮುಟ್ಟಿದ್ದಕ್ಕೆ ನನಗೆ ಮತ್ತೆ ಸ್ನಾನ. ಅಂದಿನಿಂದ ಪ್ರತಿ ರವಿವಾರ ನನಗೆ ಎರಡು ಸ್ನಾನ.

ಆದರೂ ವಾರದಲ್ಲಿ ನಾನು ದಾರಿ ಕಾಯುತ್ತಿದ್ದದ್ದು ರವಿವಾರಕ್ಕೇ. ಉಳಿದ ಆರು ದಿನ ಆ ಮನೆಯಲ್ಲಿ ನನ್ನನ್ನು ಯಾರೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಮದುವೆಯ ದಿನ ಪದ್ಧತಿಯಂತೆ ತಟ್ಟೆಯ ಅಕ್ಕಿಯಲ್ಲಿ ಬರೆದು ನನಗೊಂದು ಹೊಸ ಹೆಸರಿಟ್ಟಿದ್ದರು. ಆ ಹೆಸರು ನನಗೆ ಒಗ್ಗಲೇ ಇಲ್ಲ. ಕರೆದರೆ ಬೇರೆ ಯಾರನ್ನೋ ಕರೆದರು ಎಂದು ಸುಮ್ಮನಿರುತ್ತಿದ್ದೆ. ಅತ್ತೆಯವರು ಬೇಸತ್ತು “ಏ ಹುಡುಗಿ” ಎಂಬುದಕ್ಕೆ ಬಂದು ನಿಂತರು. ತವರಿನ ಹೆಸರು ತವರಲ್ಲೇ ಉಳಿಯಿತು. ಮಾವನವರೂ ಹುಡುಗಿ ಎಂದೇ ಕರೆಯುತ್ತಿದ್ದರು, ಆದರೆ ಅವರು ನನಗೆ ಏನಾದರೂ ಕಲಿಸುತ್ತಿದ್ದರು. ಉಪ್ಪಿನಕಾಯಿಯ ಭರಣಿ ಮುಟ್ಟಗೊಡದ ಮನೆಯಲ್ಲಿ ಬಂದೂಕು ಬಿಚ್ಚಿ ಜೋಡಿಸಲು ಬಿಟ್ಟಿದ್ದರು. ಅದಕ್ಕೆ ಅವರನ್ನು ಕಂಡರೆ ನನಗೆ ಬಹಳ ಅಕ್ಕರೆ.

ಮುಂದಿನದಕ್ಕೆಲ್ಲ ಮೂಲ ಒಂದು ಮಂಗ. ಕಾಡತೂಸುಗಳಿಗೆ ಆಗ ಕಾಗದದ ಮೈ. ಮುಂಗಾರಿನ ಥಂಡಿಗೆ ಉಬ್ಬಿದರೆ ಬಂದೂಕಿನೊಳಗೆ ಇಳಿಯುವುದಿಲ್ಲ. ಹಾಗಾಗಿ ಜ್ಯೇಷ್ಠ ಮಾಸದ ಬಿಸಿಲು ಬಿದ್ದ ದಿನ ಮಾವನವರು ಅವನ್ನು ಒಣಹಾಕುತ್ತಿದ್ದರು. ಅತ್ತೆಯವರೂ ಅದೇ ದಿನ ಅದೇ ಅಂಗಳದಲ್ಲಿ ಹಪ್ಪಳ ಒಣಹಾಕುತ್ತಿದ್ದರು. ಒಂದು ಚಾಪೆಯ ತುಂಬ ಹಪ್ಪಳ, ಅದರ ತುದಿಗೆ ಹತ್ತು ಕಾಡತೂಸು. ಆ ದಿನ ಕರಿ ಮೂತಿಯ ದೊಡ್ಡ ಮಂಗಗಳ ಹಿಂಡು ಇಳಿಯಿತು. ಮಾವನವರು ಒಳಗೆ ಓಡಿ, ಬಂದೂಕು ತಂದು, ಒಂದು ಕಾಡತೂಸು ತುರುಕಿ, ಚಿಲಕ ಹಾಕಿ, ಗುರಿ ಹಿಡಿದರು.

“ಅಯ್ಯ, ಹಣಮಪ್ಪನ ಮ್ಯಾಲೆ ಬಂದೂಕ ಹಿಡೀತೀರೇನು!” ಎಂದು ಅತ್ತೆಯವರು ಅಡ್ಡ ಬಂದರು. ಮಾವನವರು ಬಂದೂಕು ಇಳಿಸಿ ಕೈ ಮುಗಿದರು. ಮಂಗಗಳು ನಿಶ್ಚಿಂತೆಯಿಂದ ಹಪ್ಪಳ ಎತ್ತಿಕೊಂಡು ಹೋದವು. ಗದ್ದಲ ಮುಗಿದ ಮೇಲೆ ನೋಡಿದರೆ ಕಾಡತೂಸು ಒಂಬತ್ತೇ. ಹತ್ತನೆಯದನ್ನು ಮಂಗ ಒಯ್ದಿತೋ, ಬಂದೂಕಿನಿಂದ ಮಾವನವರು ತೆಗೆಯಲೇ ಇಲ್ಲವೋ, ಅವರಿಗೆ ನೆನಪಾಗಲಿಲ್ಲ. ಒಳಗೆ ಇಣುಕಿದರೂ ಪೊರೆಗಣ್ಣಿಗೆ ಬರೀ ಮಂಜು.

ಮರುದಿನವೇ ಅವರು ಕಣ್ಣಿನ ಪೊರೆ ತೆಗೆಸಿಕೊಳ್ಳಲು ಬೆಳಗಾವಿಯ ಮಗಳ ಮನೆಗೆ ಹೊರಟರು. ಟಾಂಗಾ ಹತ್ತುವ ಮುನ್ನ ನನ್ನನ್ನು ಕರೆದರು.

“ಹದಿನೈದ ದಿನಕ್ಕೊಮ್ಮೆ ಚಿಲಕ ತಗದು ಎಣ್ಣಿ ಹಾಕು. ಮಳಿಗಾಲ ಅದ. ಮೊದಲ ಒಳಗ ಕಾಡತೂಸು ಅದನೋ ಇಲ್ಲೋ ನೋಡು. ನಿನ್ನ ಮ್ಯಾಲೆ ಬಿಟ್ಟು ಹೊಂಟೇನಿ.”

ನೋಡಿದೆ. ಎರಡನೇ ಸ್ನಾನ ತಪ್ಪಿಸಲು, ಆವತ್ತೇ ಮಧ್ಯಾಹ್ನ ಅತ್ತೆಯವರು ಮಲಗಿದಾಗ ಚಿಲಕ ತೆಗೆದೆ. ಒಳಗೆ ಏನೂ ಇರಲಿಲ್ಲ. ಹತ್ತನೆಯದನ್ನು ಒಯ್ದದ್ದು ಮಂಗವೇ. ಈ ಒಂದು ಮಾತನ್ನು ಓದುವವರು ನೆನಪಿಡಬೇಕು.

ಈಗ ತೂಗುಮಣೆಯ ಮಾತು. ಅತ್ತೆಯವರು ಊಟವಾದ ಮೇಲೆ ತೂಗುಮಣೆಯಲ್ಲಿ ಕೂಡುತ್ತಿದ್ದರು. ಅದರ ಸರಪಳಿ ಕಿರ್ರೆನ್ನುತ್ತಿತ್ತು. ಪಕ್ಕದ ಮನೆಯಲ್ಲಿ ಒಬ್ಬ ವಯಸ್ಸಾದ ಗವಾಯಿಗಳಿದ್ದರು. ಒಂದು ದಿನ ಕಂಪೌಂಡಿನ ಮೇಲಿಂದ ತಲೆ ಎತ್ತಿ, “ಬಾಯಾರ, ನಿಮ್ಮ ತೂಗುಮಣಿ ಕೋಮಲ ರಿಷಭಕ್ಕ ಒದರತದ. ನಾ ಹಾಡೂದು ಶುದ್ಧ ರಿಷಭ. ಇಬ್ಬರೊಳಗ ಒಬ್ಬರು ಸುಮ್ಮನಾಗಬೇಕು ನೋಡ್ರಿ,” ಎಂದರು. ಅತ್ತೆಯವರ ಮುಖ ಕೆಂಪಾಯಿತು. ಅವರನ್ನು ಮೆಚ್ಚಿಸುವ ಆಸೆಯಿಂದ ನಾನು ಬಂದೂಕಿನ ಎಣ್ಣೆ ತಂದು ನಾಲ್ಕೂ ಸರಪಳಿಗೆ ಹೊಯ್ದೆ. ತೂಗುಮಣೆ ಸುಮ್ಮನಾಯಿತು. ಬಾಟಲಿಯೂ ಬರಿದಾಯಿತು.

ಹೊಸ ಯುದ್ಧ ಶುರುವಾಗಿತ್ತು. ಅಂಥ ಎಣ್ಣೆ ಪೇಟೆಯಲ್ಲಿ ಎಲ್ಲೂ ಇಲ್ಲ. ಚಿಮಣಿ ಎಣ್ಣೆಗೂ ಪಾಳಿ. ಬಾಟಲಿ ಕೈಯಲ್ಲಿ ಹಿಡಿದು ಅಡುಗೆಮನೆಯಲ್ಲಿ ನಿಂತೆ. ಎದುರಿಗೆ ಕುಸುಬಿ ಎಣ್ಣೆಯ ಡಬ್ಬಿ. ನಸು ಹಳದಿ, ತೆಳು, ನೋಡಲು ಅದೇ ಬಂದೂಕಿನ ಎಣ್ಣೆ. ಅದು ಅತ್ತೆಯವರ ಮಡಿ ಡಬ್ಬಿ. ಹಬ್ಬದ ಕರಿಗಡುಬು, ಪುರೋಹಿತರ ಊಟದ ಭಜಿ, ಎಲ್ಲ ಅದರಲ್ಲೇ. ನನ್ನ ಕೈಯಲ್ಲಿ ಬಂದೂಕಿನ ಅರಿವೆ. ಸ್ನಾನ ಮಾಡಿ ಬಂದು ತೆಗೆಯಬಹುದಿತ್ತು. ಸೋಮಾರಿತನ. ಹಾಗೆಯೇ ಡಬ್ಬಿಯೊಳಗೆ ಸೌಟು ಅದ್ದಿ ಬಾಟಲಿ ತುಂಬಿಸಿದೆ. ಇಡೀ ಡಬ್ಬಿ ಮೈಲಿಗೆ. ಶ್ರಾವಣ ಮಾಸದ ಅಷ್ಟೂ ಹಬ್ಬಗಳಿಗೆ ಅದೇ ಎಣ್ಣೆಯಲ್ಲಿ ಕರಿದರು. ಪುರೋಹಿತರು ಬಹಳ ಹೊಗಳಿದರು.

ನಾನು ಹದಿನೈದು ದಿನಕ್ಕೊಮ್ಮೆ, ಯಾರೂ ಕಾಣದ ಹೊತ್ತು ನೋಡಿ, ನಿಷ್ಠೆಯಿಂದ ಬಂದೂಕಿಗೆ ಕುಸುಬಿ ಎಣ್ಣೆ ಹಾಕಿದೆ. ಎರಡು ಹನಿ ಹಾಕಬೇಕಾದಲ್ಲಿ ಪ್ರೀತಿಯಿಂದ ಎರಡು ಚಮಚ. ಮೂರನೇ ಸಲ ಚಿಲಕ ತುಸು ಬಿಗಿ ಅನಿಸಿತು. ಇನ್ನಷ್ಟು ಹೊಯ್ದೆ. ನಾಲ್ಕನೇ ಸಲ ಮತ್ತಷ್ಟು ಬಿಗಿ. ಮತ್ತಷ್ಟು ಹೊಯ್ದು, ಚಿಲಕ ಹಾಕಿ, ಮೊದಲಿನಂತೆ ಗೂಟದ ಮೇಲೆ ಇಟ್ಟೆ.

ಮಾವನವರು ಹೊಸ ಕಣ್ಣು, ದಪ್ಪ ಕನ್ನಡಕದೊಂದಿಗೆ ನವರಾತ್ರಿಗೆ ಬಂದರು. ಖಂಡೇನವಮಿಯ ದಿನ ಆಯುಧಗಳಿಗೆ ಪೂಜೆ. ನಮ್ಮ ಮನೆಯ ಆಯುಧಗಳೆಂದರೆ ಈಳಿಗೆ, ಕತ್ತರಿ, ಯಜಮಾನರ ಕಂಪಾಸು ಪೆಟ್ಟಿಗೆ ಮತ್ತು ಬಂದೂಕು. ಚರ್ಮದ ಪಟ್ಟಿ ಬಿಚ್ಚಿ ಬಂದೂಕನ್ನು ಮಣೆಯ ಮೇಲಿಟ್ಟು, ಕುಂಕುಮ ಹಚ್ಚುವ ಮುನ್ನ ಒಳಗೆ ನೋಡಬೇಕೆಂದು ಮಾವನವರು ಚಿಲಕ ಎತ್ತಿದರು. ಅದು ಏಳಲಿಲ್ಲ. ಎರಡೂ ಕೈಯಿಂದ ಎತ್ತಿದರು. ಮಗನನ್ನು ಕರೆದರು. ಮಗ ನಳಿಗೆ ಹಿಡಿದರು, ಅಪ್ಪ ಚಿಲಕ ಹಿಡಿದರು. ಇಬ್ಬರೂ ಬೆವತರು. ಚಿಲಕ ಜಪ್ಪೆನ್ನಲಿಲ್ಲ.

“ಹುಡುಗಿ, ನೀ ಎಣ್ಣಿ ಹಾಕಿದ್ದಿಲ್ಲ?” ಎಂದರು ಮಾವನವರು.

ಪಕ್ಕದಲ್ಲಿ ಆರತಿ ತಟ್ಟೆ ಹಿಡಿದು ಅತ್ತೆಯವರು ನಿಂತಿದ್ದರು. ಹಾಕಿದೆ ಎಂದರೆ ಯಾವ ಎಣ್ಣೆ ಎಂಬ ಪ್ರಶ್ನೆ ಬರುತ್ತದೆ. ಕುಸುಬಿ ಎಂದರೆ ಯಾವ ಡಬ್ಬಿ ಎಂಬ ಪ್ರಶ್ನೆ. ಪುರೋಹಿತರು ತಿಂದ ಭಜಿಗಳೆಲ್ಲ ನನ್ನ ಕಣ್ಣ ಮುಂದೆ ಸಾಲುಗಟ್ಟಿ ನಿಂತವು.

“ಇಲ್ರಿ. ನಾ ಮುಟ್ಟಿಲ್ರಿ,” ಎಂದುಬಿಟ್ಟೆ.

ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. “ಇರಲಿ ಬಿಡು. ಕೂಸಿನ ಮ್ಯಾಲೆ ಬಿಟ್ಟು ಹೋದದ್ದು ನನ್ನದ ತಪ್ಪು. ತುಕ್ಕ ಹಿಡದದ,” ಎಂದು ಕನ್ನಡಕ ತೆಗೆದು ಒರೆಸಿಕೊಂಡರು. ಆಗ ಯಜಮಾನರು ಗಣಿತದ ಮಾಸ್ತರರ ಧ್ವನಿಯಲ್ಲಿ ಒಂದು ಮಾತು ಆಡಿದರು. “ಅಪ್ಪಾ, ಇಕಿ ಮುಟ್ಟಿಲ್ಲ ಅಂದ್ರ ಆ ಹತ್ತನೇ ಕಾಡತೂಸು ಒಳಗ ಇರಬಹುದು.”

ಎಲ್ಲರೂ ಒಂದು ಹೆಜ್ಜೆ ಹಿಂದೆ ಸರಿದರು. ಅತ್ತೆಯವರು ಆರತಿಯನ್ನು ಮೂರು ಮಾರು ದೂರದಿಂದ ಎತ್ತಿದರು.

ಅಂದಿನಿಂದ ಮನೆಯಲ್ಲಿ ಹೊಸ ಕಷ್ಟ. ಬಂದೂಕಿನ ಬಾಯಿ ಯಾವ ದಿಕ್ಕಿಗೆ ಇರಬೇಕು? ಪೂರ್ವಕ್ಕಿಟ್ಟರೆ ದೇವರಮನೆ. ಪಶ್ಚಿಮಕ್ಕೆ ಗವಾಯಿಗಳು ಹಾಡುವ ಕೋಣೆ. ಅವರಿಗೆ ಸುದ್ದಿ ಹೇಗೋ ಮುಟ್ಟಿ, ಕಂಪೌಂಡಿನ ಆಚೆಯಿಂದ ತಲೆ ಮಾತ್ರ ತೋರಿಸಿ, “ರಾಯರ, ನನಗಿನ್ನೂ ನಾಕ ರಾಗ ಕಲಿಯೂದದ,” ಎಂದರು. ಉತ್ತರಕ್ಕೆ ಅಡುಗೆಮನೆ. ನೆಟ್ಟಗೆ ನಿಲ್ಲಿಸಿದರೆ ಮೇಲೆ ಅಟ್ಟದಲ್ಲಿ ಉಪ್ಪಿನಕಾಯಿಯ ಭರಣಿಗಳು. “ನನ್ನ ಕೊಂದ್ರೂ ಚಿಂತಿಲ್ಲ, ಮಾವಿನಕಾಯಿ ಉಪ್ಪಿನಕಾಯಿಗೆ ಗುರಿ ಹಿಡೀಬ್ಯಾಡ್ರಿ,” ಎಂದು ಅತ್ತೆಯವರು ಖಡಾಖಂಡಿತವಾಗಿ ಹೇಳಿದರು. ಬಾಯಿ ಕೆಳಗಾಗಿ ನಿಲ್ಲಿಸಿದರೆ ಮನೆಯ ಅಡಿಪಾಯಕ್ಕೆ ದೋಷವಂತೆ. ಕೊನೆಗೆ ಉಳಿದದ್ದು ದಕ್ಷಿಣ, ಅಂದರೆ ಬಚ್ಚಲು. ಅದಾದ ಮೇಲೆ ಮನೆಯವರೆಲ್ಲ ಎರಡು ತಂಬಿಗೆಯ ಸ್ನಾನಕ್ಕೆ ಇಳಿದರು. ಯಜಮಾನರು ಕುಕ್ಕರಗಾಲಿನಲ್ಲಿ ಕೂತು, ತಲೆ ಬಗ್ಗಿಸಿ, ಒದ್ದೆ ಮೈಯಲ್ಲೇ ಹೊರಗೆ ಬರುತ್ತಿದ್ದರು.

ಬಂದೂಕು ಖಾಲಿ ಎಂದು ಇಡೀ ಧಾರವಾಡದಲ್ಲಿ ಗೊತ್ತಿದ್ದದ್ದು ನನ್ನೊಬ್ಬಳಿಗೆ. ಹೇಳಿದರೆ ನಾನು ಮುಟ್ಟಿದ್ದು ಗೊತ್ತಾಗುತ್ತದೆ. ಮೊದಲ ವಾರ ನಾನೊಬ್ಬಳೇ ನೆಟ್ಟಗೆ ನಿಂತು ಆರಾಮಾಗಿ ಸ್ನಾನ ಮಾಡುತ್ತಿದ್ದೆ. ಅತ್ತೆಯವರು ಅನುಮಾನದಿಂದ ನೋಡಿದ್ದರಿಂದ ನಾನೂ ಬಗ್ಗತೊಡಗಿದೆ. ಬಗ್ಗಿ ಬಗ್ಗಿ, ಖರೇನೇ ಒಳಗೆ ಕಾಡತೂಸು ಇದ್ದರೆ ಎಂದು ನನಗೂ ಅನುಮಾನ ಶುರುವಾಯಿತು.

ಅಷ್ಟರಲ್ಲಿ ಕಚೇರಿಯಿಂದ ನೋಟೀಸು ಬಂತು. ಯುದ್ಧದ ಕಾಲ, ಊರಲ್ಲೂ ಚಳವಳಿಯ ಗದ್ದಲ. ಲೈಸೆನ್ಸ್ ಇದ್ದವರೆಲ್ಲ ದೀಪಾವಳಿ ಮುಗಿದ ಮರುದಿನ ಬಂದೂಕು ತಂದು, ತೆರೆದು ತೋರಿಸಬೇಕು. ತೆರೆಯದ ಬಂದೂಕನ್ನು ಸರ್ಕಾರ ಜಮಾ ಮಾಡಿಕೊಳ್ಳತಕ್ಕದ್ದು. ಈ ವಾಕ್ಯವನ್ನು ಹಿಂದೆ ಯಾವಾಗಲೋ ತಿದ್ದಿ ಬರೆದವರು ಮಾವನವರೇ. “ಜಮಾ ಮಾಡಿಕೊಳ್ಳಬಹುದು” ಎಂದಿದ್ದದ್ದನ್ನು “ತಕ್ಕದ್ದು” ಮಾಡಿದ್ದು ತಾವೇ ಎಂದು ಹೇಳಿ, ಆವತ್ತು ಊಟ ಅರ್ಧಕ್ಕೇ ಬಿಟ್ಟು ಎದ್ದರು. ಬಂದೂಕು ಹೋಗುತ್ತದೆ ಎಂಬುದಕ್ಕಿಂತ, ತಮ್ಮ ಕೈಕೆಳಗೆ ದುಡಿದವರ ಮುಂದೆ ಜ್ವಾಕಿ ಮಾಡಲು ಬಾರದವನಾಗಿ ನಿಲ್ಲಬೇಕಲ್ಲ ಎಂಬುದು ಅವರಿಗೆ ಚುಚ್ಚಿತ್ತು.

ಹುಬ್ಬಳ್ಳಿಯಲ್ಲಿ ಬೀಗ, ತಿಜೋರಿ, ಹೊಲಿಗೆ ಮಷೀನು ರಿಪೇರಿ ಮಾಡುವ ಒಬ್ಬ ಮಿಸ್ತ್ರಿ ಇದ್ದಾನೆ ಎಂದು ತಿಳಿಯಿತು. ಬಂದೂಕು ಹಿಡಿದು ರೈಲು ಹತ್ತಿದರೆ ಜನ ಗಾಬರಿಯಾಗುತ್ತಾರೆಂದು ಗವಾಯಿಗಳು ತಮ್ಮ ತಂಬೂರಿಯ ಗವಸು ಕೊಟ್ಟರು. ಬಂದೂಕು ಎಷ್ಟು ಬೇಗ ಊರು ಬಿಟ್ಟರೆ ಅವರಿಗೆ ಅಷ್ಟು ನೆಮ್ಮದಿ. ಅಪ್ಪ ಮಗ ಹೊರಟರು. ರೈಲಿನಲ್ಲಿ ಎದುರಿಗೆ ಕೂತ ಸಂಗೀತಪ್ರೇಮಿಯೊಬ್ಬರು ಗವಸಿಗೆ ಕೈ ಮುಗಿದು, “ತಮ್ಮದು ಯಾವ ಘರಾಣೆರಿ?” ಎಂದು ಕೇಳಿದರಂತೆ. ಸುಳ್ಳು ಬಾರದ ಮಾವನವರು, “ಜರ್ಮನ್,” ಎಂದರಂತೆ.

ಮಿಸ್ತ್ರಿ ಗವಸು ಬಿಚ್ಚಿ ನೋಡಿ, ಕಾಡತೂಸಿನ ಕಥೆ ಕೇಳಿ, ಸುತ್ತಿಗೆ ಕೆಳಗಿಟ್ಟ.

“ಖಾಲಿ ಮಾಡಿ ತರ್ರಿ, ಚಿಲಕ ಬಿಡಿಸಿ ಕೊಡ್ತೇನಿ.”

“ಚಿಲಕ ಬಿಡಿಸಿದ್ರನ ಖಾಲಿ ಆಗೂದಪಾ.”

“ಖಾಲಿ ಆಗದ ನಾ ಬಿಡಸೂದಿಲ್ರಿ. ಮನ್ಯಾಗ ಹೆಂಡ್ತಿ ದೀಪಾವಳಿಗೆ ಸೀರಿ ಬೇಕಂತ ಕುಂತಾಳ್ರಿ. ಸೀರಿ ಕೊಡಿಸದ ಸತ್ರ ಆಕಿ ಬಿಡೂದಿಲ್ರಿ.”

ಇಬ್ಬರೂ ಅರ್ಧ ತಾಸು ಇದೇ ಎರಡು ಮಾತನ್ನು ಸುತ್ತಿ ಸುತ್ತಿ ಆಡಿದರಂತೆ. ಕೊನೆಗೆ ಮಿಸ್ತ್ರಿ ಚಹಾ ಕುಡಿಸಿ ಕಳಿಸಿದ. ಬಂದೂಕು ತಂಬೂರಿಯಾಗಿಯೇ ಹೊರಳಿ ಬಂತು.

ದೀಪಾವಳಿ ಬಂತು. ನರಕಚತುರ್ದಶಿಯ ಮುಂಜಾನೆ ಅಭ್ಯಂಜನಕ್ಕಾಗಿ ಹಂಡೆಯಲ್ಲಿ ನೀರು ಕುದಿಯುತ್ತಿತ್ತು. ನಾನು ಹಿಂದಿನ ದಿನ ಚಕ್ಕಲಿ ಕರಿದ ಕಡಾಯಿ ತಿಕ್ಕುತ್ತ ಹಿತ್ತಲಲ್ಲಿ ಕೂತಿದ್ದೆ. ಕಡಾಯಿಯ ಹೊರಮೈಗೆ ಹಳೆಯ ಕುಸುಬಿ ಎಣ್ಣೆ ಸೋರಿ, ಒಣಗಿ, ಕಂದು ಬಣ್ಣದ ಅಂಟಾಗಿ ಕೂತಿತ್ತು. ಉಗುರಿಗೆ ಜಗ್ಗುವುದಿಲ್ಲ. ಕುಸುಬಿ ಎಣ್ಣೆಯ ಗುಣವೇ ಅದು, ತೆಳ್ಳಗೆ ಸವರಿ ಬಿಟ್ಟರೆ ವಾರ್ನೀಸಿನಂತೆ ಗಟ್ಟಿಯಾಗುತ್ತದೆ. ನಮ್ಮ ಸೀಮೆಯ ಯಾವ ಹೆಂಗಸಿಗೂ ಗೊತ್ತಿರುವ ಸಂಗತಿ. ನನಗೂ ಗೊತ್ತಿತ್ತು. ಕಡಾಯಿಗೆ ಅನ್ವಯಿಸುವುದು ಬಂದೂಕಿಗೂ ಅನ್ವಯಿಸುತ್ತದೆ ಎಂದು ಈ ಮಂದ ತಲೆಗೆ ಹೊಳೆದಿರಲಿಲ್ಲ. ಅದು ತುಕ್ಕಲ್ಲ, ಅಂಟು! ಅಂಟು ಬಿಡಿಸುವುದು ಹೇಗೆಂದೂ ಗೊತ್ತು. ಕುದಿಯುವ ನೀರಿಗೆ ಬಟ್ಟೆ ಸೋಡಾ ಹಾಕಿ ಹೊಯ್ದರೆ ಆಯಿತು. ಆದರೆ ತುಂಬಿದ ಬಂದೂಕಿಗೆ ಕುದಿಯುವ ನೀರು ಹೊಯ್ಯಲು ಯಾರು ಬಿಡುತ್ತಾರೆ? ಖಾಲಿ ಎಂದು ಹೇಳಬೇಕು. ಹೇಳಿದರೆ ಎಲ್ಲ ಹೇಳಬೇಕು.

ಕಡಾಯಿ ಬಿಟ್ಟು ಪಡಸಾಲೆಗೆ ಹೋದೆ. ಮಾವನವರು ಒಬ್ಬರೇ ಕೂತು ಕಚೇರಿಯ ಫಾರ್ಮು ತುಂಬುತ್ತಿದ್ದರು. ಕೈ ಒಂದು ಕಡೆ ನಿಂತಿತ್ತು. ಬಂದೂಕಿನಲ್ಲಿ ಕಾಡತೂಸು ಇದೆಯೇ, ಇಲ್ಲವೇ? ಇದೆ ಎಂದರೆ ಸುಳ್ಳಾಗಬಹುದು, ಇಲ್ಲ ಎಂದರೂ ಸುಳ್ಳಾಗಬಹುದು. ಜನಗಣತಿಯವರು ಬಂದಾಗ, ಮನೆಯಲ್ಲೊಂದು ಬೆಕ್ಕಿದೆ, ಆದರೆ ಅದು ನಮ್ಮದೆಂದು ಖಾತ್ರಿಯಿಲ್ಲ ಎಂದು ಬರೆಸಲು ಹೋದ ಮನುಷ್ಯ. ಆ ಜಾಗದಲ್ಲಿ ಏನು ಬರೆದಾರು?

“ಇಲ್ಲಂತ ಬರೀರಿ,” ಎಂದೆ.

“ನಿನಗ ಹ್ಯಾಂಗ ಗೊತ್ತು?”

ಹೇಳಿದೆ. ತೂಗುಮಣೆ, ಬಾಟಲಿ, ಡಬ್ಬಿ, ಭಜಿ, ಎಲ್ಲ ಒಂದೇ ಉಸಿರಿಗೆ, ಅಳುತ್ತ ಹೇಳಿದೆ. ಅವರು ತಲೆ ಎತ್ತದೆ ಮಸಿಯಲ್ಲಿ ಟಾಕು ಅದ್ದಿ, ತಮ್ಮ ಮುತ್ತಿನಂಥ ಅಕ್ಷರದಲ್ಲಿ “ಇಲ್ಲ” ಎಂದು ಬರೆದು, “ಸೋಡಾ ಎಲ್ಲ್ಯದ?” ಎಂದರು.

ಆ ವರ್ಷ ನಮ್ಮ ಮನೆಯಲ್ಲಿ ಮೊದಲ ಅಭ್ಯಂಜನ ಬಂದೂಕಿಗೆ ಆಯಿತು. ಎಣ್ಣೆಯಂತೂ ಮೊದಲೇ ಹಚ್ಚಿತ್ತಲ್ಲ, ಬಿಸಿ ನೀರಿನದಷ್ಟೇ ಬಾಕಿ. ಬಚ್ಚಲ ಕಲ್ಲಿನ ಮೇಲೆ ಮಲಗಿಸಿ, ನಾನು ಸೋಡಾ ನೀರು ಹೊಯ್ದೆ. ಯಜಮಾನರು ಬಾಗಿಲ ಮರೆಯಿಂದ ತಂಬಿಗೆಗಳನ್ನು ಎಣಿಸುತ್ತಿದ್ದರು. 

ನಾಲ್ಕನೇ ತಂಬಿಗೆಗೆ ಚಿಲಕದ ಸಂದಿಯಿಂದ ಕಂದು ನೀರು ಇಳಿಯಿತು. ಅದರ ಹಿಂದೆಯೇ ಬಂದ ವಾಸನೆ ಬಚ್ಚಲು ದಾಟಿ, ಅಂಗಳ ದಾಟಿ, ಅಡುಗೆಮನೆ ಮುಟ್ಟಿತು. ಅತ್ತೆಯವರು ಮೂಗು ಅರಳಿಸುತ್ತ ಬಂದರು.

“ಇದೇನಿದು, ಬಚ್ಚಲದಾಗ ಯಾರು ಭಜಿ ಕರೀಲಿಕ್ಕತ್ತಾರ?”

ಮಾವನವರು ಚಿಲಕದಿಂದ ಕಣ್ಣು ತೆಗೆಯದೆ, “ತುಕ್ಕು. ಹಳೇ ತುಕ್ಕಿನ ವಾಸನಿ ಹಿಂಗ ಇರ್ತದ,” ಎಂದರು. ನಾನು ಬಲ್ಲಂತೆ ಅದು ಅವರು ಆಡಿದ ಒಂದೇ ಒಂದು ಸುಳ್ಳು. ಅತ್ತೆಯವರು ಅವರನ್ನು ನೋಡಿದರು, ನನ್ನನ್ನು ನೋಡಿದರು, ಒಳಗೆ ಹೋದರು.

ಆರನೇ ತಂಬಿಗೆಗೆ ಚಿಲಕ ಎದ್ದಿತು. ಹಿಂದಕ್ಕೆ ಜಾರಿತು. ಒಳಗೆ ಏನೂ ಇರಲಿಲ್ಲ. ಮಾವನವರು ಕಿರುಬೆರಳು ಹಾಕಿ ನೋಡಿ, ನನ್ನ ಕಡೆ ತಿರುಗದೆ, ಎರಡನೇ ಅರಿವೆ ಕೇಳಿದರು. ಕಂದೀಲಿನ ತಳದಲ್ಲಿ ಉಳಿದಿದ್ದ ಚಿಮಣಿ ಎಣ್ಣೆ ಸವರಿ ಮುಗಿಸಿದರು. ಪಾಡ್ಯದ ಹಬ್ಬದ ಊಟದವರೆಗೂ ನನ್ನೊಡನೆ ಮಾತಿಲ್ಲ. ಅದರ ಮರುದಿನ ಕಚೇರಿಗೆ ಹೊರಡುವಾಗ, ಮೆಟ್ಟು ಮೆಟ್ಟಿಕೊಳ್ಳುತ್ತ ಕೇಳಿದರು.

“ಹುಡುಗಿ, ತವರಮನ್ಯಾಗ ನಿನ್ನ ಹೆಸರೇನು? ನಿನ್ನ ತಂದಿಯವರ ಪೂರ್ತಿ ಹೆಸರು, ಊರು ಹೇಳು.”

ಹೇಳಿದೆ. ಒಂದು ಚೀಟಿಯಲ್ಲಿ ಬರೆದುಕೊಂಡು ಹೋದರು.

ಇನ್ನೇನು, ಅಪ್ಪನಿಗೆ ಕಾಗದ ಬರೆಯುತ್ತಾರೆ. ಸುಳ್ಳಿ, ಮಡಿಗೇಡಿ, ಕರೆದುಕೊಂಡು ಹೋಗಿ ಎಂದು. ಅವರು ಕಳಿಸುವ ಮೊದಲು ನಾನೇ ಸಿದ್ಧವಾಗಿರಬೇಕೆಂದು ತವರಿನ ಟ್ರಂಕು ಎಳೆದು ಸೀರೆ ತುಂಬಿದೆ. ಒಂದೊಂದು ಸೀರೆ ಮಡಿಚಿದಾಗಲೂ ಅಳು. ರವಿವಾರಗಳು ಮುಗಿದವು ಎಂದು ಅಳು. ಟ್ರಂಕನ್ನು ಪಡಸಾಲೆಗೆ ತಂದು ಅದರ ಮೇಲೆ ಕೂತೆ. ಅತ್ತೆಯವರು ತೂಗುಮಣೆಯಿಂದ ನೋಡುತ್ತಿದ್ದರು.

ಮಧ್ಯಾಹ್ನ ಅಪ್ಪ ಮಗ ಬಂದರು, ಬಂದೂಕೂ ಬಂತು. ಯಜಮಾನರು ಎಂದೂ ಅಷ್ಟು ಮಾತಾಡಿದವರಲ್ಲ. “ಆ ಸಾಹೇಬ ಚಿಲಕ ಹಿಂಗ ಎಳದಾ, ಬೆಣ್ಣ್ಯಾಗಿನ ಕೂದಲಧಾಂಗ ಬಂತು ನೋಡು! ಇಷ್ಟ ಛಲೋ ಇಟ್ಟಾವ್ರು ಯಾರು ಅಂತ ಕೇಳಿದಾ. ಅಪ್ಪ ಹೊಸಾ ಹೆಸರ ಬರಸ್ಬೇಕು ಅಂದ್ರು. ಕಾರಕೂನ ಹೆಣಮಗಳ ಹೆಸರ ಬರಿಯೂದಿಲ್ಲ ಅಂದಾ. ಗಂಡಸನ ಆಗಬೇಕಂತ ಕಾಯ್ದೆದಾಗ ಎಲ್ಲ್ಯದ ತೋರಸ್ರಿ ಅಂತ ಅಪ್ಪ ಕುರ್ಚಿ ಎಳಕೊಂಡು ಕೂತಬಿಟ್ರು!”

ಮಾವನವರು ಲೈಸೆನ್ಸ್ ಬಿಡಿಸಿ, ಹೊಸ ಕನ್ನಡಕ ಸರಿಮಾಡಿಕೊಂಡು ಗಟ್ಟಿಯಾಗಿ ಓದಿದರು. ಮಾಲೀಕನ ಪರವಾಗಿ ಬಂದೂಕು ಇಟ್ಟುಕೊಳ್ಳುವವರು ಎಂಬ ಸಾಲು ಅದರಲ್ಲಿ ಯಾವಾಗಲೂ ಖಾಲಿ ಇರುತ್ತಿತ್ತಂತೆ. ಅಲ್ಲಿ ನನ್ನ ಹೆಸರಿತ್ತು. ಅಕ್ಕಿಯಲ್ಲಿ ಬರೆದದ್ದಲ್ಲ, ನನ್ನ ಹೆಸರು. ಆ ಮನೆಯಲ್ಲಿ ಅದನ್ನು ಅದುವರೆಗೆ ಯಾರೂ ಬಾಯಿಂದ ಆಡಿರಲಿಲ್ಲ.

“ಸರಕಾರಿ ಕಾಗದ. ಖರೇ ಹೆಸರ ಬರೀಬೇಕಲ್ಲ,” ಎಂದರು.

ನಾನು ಟ್ರಂಕಿನ ಮೇಲೆ ಕೂತೇ ಹೋ ಎಂದು ಅತ್ತುಬಿಟ್ಟೆ. ಅತ್ತೆಯವರು ತೂಗುಮಣೆ ನಿಲ್ಲಿಸಿ ಎದ್ದು ಬಂದು ನನ್ನ ಮುಂದೆ ನಿಂತರು.

“ಅಳೂದ ಸಾಕು. ಸೀರಿ ತಗದು ಒಳಗ ಇಡು. ಟ್ರಂಕ ಇಲ್ಲೇ ಇರಲಿ. ಆ ಬಂದೂಕಿನ ಚಿಲಕ ತಗದು ಅದರಾಗ ಹಾಕಿ ಕೀಲಿ ಹಾಕು, ಕೀಲಿ ನಿನ್ನ ಕಡೆ ಇರಲಿ. ಇವತ್ತಿನಿಂದ ನನ್ನ ಕುಸುಬಿ ಎಣ್ಣಿ ಡಬ್ಬಿಗೂ ಕೀಲಿ, ಅದು ನನ್ನ ಕಡೆ. ಪುರೋಹಿತರ ಮುಂದ ಬಾಯಿ ಬಿಟ್ಟೀ ಅಂದ್ರ ನೋಡು ಮತ್ತ.”

ಇಷ್ಟು ಹೇಳಿ ಅಡುಗೆಮನೆಗೆ ಹೊರಟವರು ಬಾಗಿಲಲ್ಲಿ ನಿಂತು, ಊಟಕ್ಕೆ ಎಲೆ ಹಾಕು ಬಾ ಎಂದು ಕರೆದರು. ಏ ಹುಡುಗಿ ಎನ್ನಲಿಲ್ಲ. ಲೈಸೆನ್ಸಿನಲ್ಲಿದ್ದ ಹೆಸರು ಹಿಡಿದು ಕರೆದರು. ನಾನು ಒಂದೇ ಕೂಗಿಗೆ ಓ ಎಂದೆ.